ಮಂದಿಯ ಗೋದಲಿಯಲ್ಲಿ ನಮ್ಮ ಗಾಡಿ

ಹಸಿರು, ಹಸಿರು, ಹಸಿರು, ಮತ್ತೆ ಕೆಂಪು — ಚಾರ್ಜರಿನ ಎದೆಗೆ ಅಡ್ಡವಾಗಿ ಅಂಟಿಸಿದ ಆ ದೀಪದ ಪಟ್ಟಿ ಆಸೆ ತೋರಿಸಿ ತೋರಿಸಿ ಕೊನೆಗೆ ಮುಖ ತಿರುಗಿಸುವುದನ್ನು ನೋಡಿ ಹಾಲಸಿದ್ದನ ಕಣ್ಣು ಉರಿಯತೊಡಗಿದ್ದವು, ಇದು ಎಷ್ಟನೆಯ ಸಲವೋ ಏನೋ, ಗಾಡಿಯಿಂದ ಚಾರ್ಜಿಂಗ್ ಗನ್ ಕೀಳು ಮತ್ತೆ ಚುಚ್ಚು, ಆಪ್ ಮುಚ್ಚು ಮತ್ತೆ ತೆರೆ, ಓಟಿಪಿ ಬರುತ್ತದೆ ಹಾಕು, ಸ್ವಾಗತ ಹಾಲಸಿದ್ದ ಎನ್ನುತ್ತದೆ ಮೊಬೈಲು, ಸ್ವಾಗತವಂತೆ, ಬಾ ಎಂದು ಕರೆದು ಹೊಸ್ತಿಲಲ್ಲೇ ನಿಲ್ಲಿಸುವ ಮಂದಿ ಇವರು, ಶಿರೋಳಿಯ ಫೌಂಡ್ರಿಗಳ ಸುಟ್ಟ ಮರಳಿನ ವಾಸನೆ ಗಂಟಲಿಗೆ ಇಳಿಯುತ್ತಿದೆ, ಹೆದ್ದಾರಿಯ ಮೇಲೆ ಡೀಸೆಲ್ ಗಾಡಿಗಳು ಹೊಗೆ ಬಿಡುತ್ತ ಯಾರ ಅಪ್ಪಣೆಯೂ ಇಲ್ಲದೆ ಓಡುತ್ತಿವೆ, ಇಲ್ಲಿಂದ ಇಚಲಕರಂಜಿಗೆ ಎಷ್ಟು ದೂರ, ಕುರಿ ಹೊಡೆದುಕೊಂಡು ಹೊರಟರೂ ಸಂಜೆಗೆ ಮುಟ್ಟಬಹುದಾದ ದಾರಿ, ಆದರೆ ಅಕ್ಷತೆ ಸಂಜೆಗಲ್ಲ, ಹನ್ನೆರಡಕ್ಕೆ, ಅಕ್ಕ ಮಂಗಲಳ ಒಬ್ಬಳೇ ಮಗಳು ಕಾಜಲ ಅಲ್ಲಿ ಹಸೆಗೆ ಬರುವ ಹೊತ್ತಿಗೆ ಅವಳ ಸೋದರಮಾವ ಇಲ್ಲಿ, ಬೇರೆ ಕಂಪನಿಯ ಕಬ್ಬಿಣದ ಕಂಬದ ಮುಂದೆ, ಗಾಡಿಯ ಬ್ಯಾಟರಿಯಲ್ಲಿ ನಾಲ್ಕು ಪರ್ಸೆಂಟ್ ಉಳಿಸಿಕೊಂಡು ನಿಂತಿದ್ದಾನೆ, ಹಿಂದಿನ ಸೀಟಿನಿಂದ ಅವ್ವ ಯಮುನವ್ವ ಇಣುಕುತ್ತಾಳೆ, ತೊಡೆಯ ಮೇಲೆ ಮಡಿಸಿದ ಕರಿಕಂಬಳಿ, ಹತ್ತಿತೇನೋ ಹಾಲ್ಯಾ, ಹತ್ತತೈತಿ ಬೇ, ನೀ ಸುಮ್ನ ಕುಂದ್ರು, ಸುಮ್ಮನೆ ಕೂತೇ ಇದ್ದಾಳೆ ಪಾಪ, ಬೆಳಗಿನಿಂದ ಸುಮ್ಮನೆಯೇ ಕೂತಿದ್ದಾಳೆ, ಆದರೂ ರೇಗಲು ಕೈಗೆ ಸಿಗುವವಳು ಅವಳೊಬ್ಬಳೇ.

ಆ ಕಂಬಳಿ ಒಂದಿಲ್ಲದಿದ್ದರೆ ತೊಂದರೆ ಇರಲಿಲ್ಲ, ಮಾವ ತಡವಾಗಿ ಬಂದ, ಊಟಕ್ಕೆ ಬಂದ, ನಾಲ್ಕು ಮಾತು ಅಂದು ಬಿಡುತ್ತಿದ್ದರು, ಆದರೆ ಕುರಿ ಸಾಕುವ ಅವರ ಧನಗರ ಮನೆಗಳಲ್ಲಿ ಹುಡುಗಿಯ ಅಜ್ಜಿಮನೆಯಿಂದ ಕರಿಕಂಬಳಿ ಬರಬೇಕು, ಅದನ್ನು ಸೋದರಮಾವನೇ ಕೈಯಾರೆ ಹಾಸಬೇಕು, ಅದರ ಮೇಲೆ ಜೋಡಿ ನಿಂತರೇ ಅಕ್ಕಿಕಾಳು ಬೀಳುವುದು, ಮತ್ತು ಇದು ಅಂಗಡಿಯಿಂದ ತಂದ ಕಂಬಳಿಯಲ್ಲ, ಅವ್ವ ಎರಡು ವರ್ಷದ ಉಣ್ಣೆ ಕೂಡಿಹಾಕಿದ್ದಾಳೆ, ಬಣ್ಣ ಹಾಕಿದ್ದು ಬ್ಯಾಡ, ಹುಟ್ಟಾ ಕರಿ ಇದ್ದ ಕುರೀದ ಬೇಕು ಎಂದು ಒಂದೊಂದೇ ಕುರಿಯ ಬೆನ್ನು ಸವರಿ ಆರಿಸಿದ್ದಾಳೆ, ಕಣ್ಣು ಮಂಜಾದರೂ ತಾನೇ ನೂತಳು, ಕಾಡಸಿದ್ದ ಕಾಕಾನ ಮಗ್ಗದ ಮುಂದೆ ಚಾಪೆ ಹಾಕಿಕೊಂಡು ಕೂತು ನೇಯಿಸಿದಳು, ಯಾಕೆಂದರೆ ಮಂಗಲಳ ಲಗ್ನದ ವರ್ಷ ಕುರಿಗಳೆಲ್ಲ ರೋಗಕ್ಕೆ ಹೋಗಿ ಮನೆಯಲ್ಲಿ ಉಣ್ಣೆಯೇ ಇರಲಿಲ್ಲ, ಬೇರೆಯವರ ಕಂಬಳಿ ಇಸಕೊಂಡು ಬಂದು ಹಾಸಿದ್ದರು, ಲಗ್ನ ಮುಗಿದ ಕೂಡಲೆ ಅವರು ಬಂದು ಝಾಡಿಸಿ ಮಡಿಸಿ ಒಯ್ದರು, ಮದುಮಗಳು ಇನ್ನೂ ಅಲ್ಲೇ ನಿಂತಿದ್ದಳು, ಅದು ನನ್ನ ಹೊಟ್ಟ್ಯಾಗ ಇನ್ನೂ ಐತಿ ನೋಡು ಹಾಲ್ಯಾ, ಮೊಮ್ಮಗಳಿಗೆ ಹಂಗ ಆಗಬಾರದು — ಅವ್ವ ಇದನ್ನು ಹತ್ತು ಸಲ ಹೇಳಿದ್ದಾಳೆ, ಇಂದು ಬೆಳಿಗ್ಗೆ ಕಾರು ಹತ್ತುವಾಗಲೂ ಹೇಳಿದಳು, ಅವನು ಹೂಂ ಹೂಂ ಅಂದಿದ್ದ, ಮುಟ್ಟಸ್ತೇನಿ ಬೇ, ಹೊತ್ತಿಗೆ ಮುಂಚೇನ ಮುಟ್ಟಸ್ತೇನಿ.

ಊರಲ್ಲಿ, ಗಡಹಿಂಗ್ಲಜದಲ್ಲಿ, ರಾತ್ರಿಯಿಡೀ ಲೈಟು ಇರಲಿಲ್ಲ, ಅಲ್ಲಿಂದ ಶುರು ಈ ಎಲ್ಲ ಗ್ರಹಚಾರ, ಮನೆಯ ಪ್ಲಗ್ಗಿಗೆ ಹಾಕಿಟ್ಟ ಗಾಡಿ ಬೆಳಿಗ್ಗೆ ನೋಡಿದರೆ ಅರ್ಧಕ್ಕೂ ಕಡಿಮೆ, ಇರಲಿ, ಕೊಲ್ಲಾಪುರದಲ್ಲಿ ನಮ್ಮ ಗಾಡಿಯ ಕಂಪನಿಯದೇ ಶೋರೂಮ್ ಇದೆ, ಫಾಸ್ಟ್ ಚಾರ್ಜರ್ ಇದೆ, ಚಹಾ ಕುಡಿಯುವುದರೊಳಗೆ ತುಂಬುತ್ತದೆ ಎಂದುಕೊಂಡು ಬಂದರೆ ಆ ಚಾರ್ಜರಿಗೆ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿ ಹಗ್ಗ ಕಟ್ಟಿದ್ದಾರೆ, ರಿಪೇರಿ ಇದೆಯಂತೆ, ಯಾವಾಗಿನಿಂದ, ಗೊತ್ತಿಲ್ಲವಂತೆ, ಮಾರುವಾಗ ಏನು ಬಾಯಿ ಇತ್ತು ಆ ಸೇಲ್ಸಿನವನಿಗೆ, ಯಾವ ಕಂಪನಿ ಚಾರ್ಜರ್ ಆದ್ರೂ ನಡೀತದ ಸರ್, ತೂತು ಎಲ್ಲಾ ಒಂದ, ತೂತು ಒಂದೇ ಇರಬಹುದು, ಆಪ್ ಒಂದೇ ಅಲ್ಲವಲ್ಲ, ಇವರ ಆಪ್ ಬೇರೆ, ಇವರ ವಾಲೆಟ್ ಬೇರೆ, ಅದರಲ್ಲಿ ಮೊದಲು ದುಡ್ಡು ತುಂಬು, ಗಾಡಿ ಯಾವುದು ಆರಿಸು ಎಂದು ಒಂದು ಪಟ್ಟಿ, ಆ ಪಟ್ಟಿಯಲ್ಲಿ ಇರುವುದೆಲ್ಲ ಇವರವೇ ಗಾಡಿಗಳು, ಕಟ್ಟಕಡೆಗೆ ಇತರೆ ಎಂದು ಒಂದು ಸಾಲು, ಇತರೆ, ಹಾಲಸಿದ್ದ ಇತರೆಯನ್ನು ಒತ್ತಿದ್ದ, ಒತ್ತುವಾಗಲೇ ಮೈ ಉರಿದಿತ್ತು. ಡೀಸೆಲ್ ಜೀಪು ತೊಗೊಂಡು ಬಾ ಎಂದಿದ್ದರು ದಾಜಿ, ಅಕ್ಕನ ಗಂಡ ಗುರುಸಿದ್ದ, ಲಗ್ನದ ಕೆಲಸ ಐತೋ, ಆ ಬ್ಯಾಟರಿ ಡಬ್ಬಿ ನಂಬಕೊಂಡು ಹೊಂಡಬ್ಯಾಡ, ನಾಲ್ಕು ಮಂದಿಯ ಎದುರಿಗೆ ಅಂದಿದ್ದರು, ನಾಲ್ಕೂ ಮಂದಿ ನಕ್ಕಿದ್ದರು, ಅವನೂ ಬಿಡಲಿಲ್ಲ, ಅದ ಡಬ್ಬ್ಯಾಗ ಕೂಸಿನ್ನ ಗಂಡನ ಮನಿಗೆ ಮುಟ್ಟಸ್ತೇನಿ ನೋಡ್ರಿ ದಾಜಿ, ಮುಟ್ಟಿಸುವುದು ಹಾಗಿರಲಿ.

ಪಕ್ಕದ ಗನ್ನಿಗೆ ಒಂದು ಬಿಳಿ ಗಾಡಿ ಬಂದು ನಿಲ್ಲುತ್ತದೆ, ಇವರ ಕಂಪನಿಯದೇ, ಸಾಂಗಲಿಯ ನಂಬರು, ಇಳಿದವನು ಕಿವಿಗೆ ಹಚ್ಚಿದ ಮೊಬೈಲು ತೆಗೆಯುವುದೂ ಇಲ್ಲ, ಒಂದು ಕೈಯಲ್ಲಿ ಗನ್ ಎತ್ತಿ ಚುಚ್ಚುತ್ತಾನೆ, ಟಕ್, ಹಸಿರು ಹತ್ತಿ ನಿಂತೇ ನಿಲ್ಲುತ್ತದೆ, ಓಟಿಪಿ ಇಲ್ಲ ಸ್ವಾಗತ ಇಲ್ಲ, ಅವನು ಚಹಾದಂಗಡಿಯ ಕಡೆ ನಡೆದ, ನೋಡಿದ್ರ್ಯಾ ಎಂದು ಹಾಲಸಿದ್ದ ಕಾವಲಿನವನಿಗೆ ಹೇಳಿದ, ನೋಡಿದ್ರ್ಯಾ ಅವಧೂತಪ್ಪಾ, ತಮ್ಮ ಮನಿ ದನಕ್ಕ ಹೊಟ್ಟೂ ಹಿಂಡೀನೂ, ಮಂದಿ ದನ ಬಂದ್ರ ಗೋದಲಿಗೆ ಬೇಲಿ, ಅವಧೂತ ಕುರ್ಚಿಯಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದ, ತಸಂ ಕಾಹೀ ನಾಹೀ ಸಾಹೇಬ, ಹಂಗೇನಿಲ್ರಿ, ಎಲ್ಲಾ ಗಾಡಿ ಹತ್ತತಾವ್ರಿ ಇಲ್ಲಿ, ನಿನ್ನೆ ನಿಮ್ಮ ಕಂಪನಿದ ಎರಡು ಹತ್ತಿದ್ವು, ಸುಳ್ಳು, ಪಗಾರ ಕೊಡುವವರ ಪರ ಮಾತಾಡದೆ ಇನ್ನೇನು ಮಾಡುತ್ತಾನೆ, ಯಂತ್ರದ ಪರದೆಯ ಮೇಲೆ ವಾಹನದ ಕಡೆಯ ದೋಷ ಎಂದು ಬರುತ್ತದೆ ಪ್ರತಿ ಸಲವೂ, ಅದೂ ಸುಳ್ಳು, ಐದು ತಿಂಗಳಾಯಿತು ಗಾಡಿ ತಂದು, ಮನೆಯಲ್ಲಿ ದಿನಾ ಹತ್ತುತ್ತದೆ, ಒಂದು ದಿನ ಕೆಮ್ಮಿಲ್ಲ ಸೀನಿಲ್ಲ, ಹೆಲ್ಪ್‌ಲೈನಿನ ಹುಡುಗಿಯೂ ಅದನ್ನೇ ಹೇಳಿದಳು, ಸರ್ ಆಪ್‌ಕೀ ಗಾಡಿ ಮೇ ಪ್ರಾಬ್ಲಮ್ ಹೈ, ನಿಮ್ಮ ಗಾಡಿಯಲ್ಲಿ, ನಿಮ್ಮ ಗಾಡಿಯಲ್ಲಿ, ಹಾಗಂತ ಬರೆದುಕೊಟ್ಟಿರಬೇಕು ಅವಳಿಗೆ, ತಮ್ಮ ಅಂಗಡಿಗೆ ಬಂದ ಬೇರೆಯವರ ಗಿರಾಕಿಗೆ ನಿನ್ನ ಹೊಟ್ಟೆಯಲ್ಲೇ ರೋಗ ಎಂದು ಹೇಳಿ ಕಳಿಸುವುದು, ಹಾಲಸಿದ್ದನಿಗೂ ಅಂಗಡಿ ಇದೆ, ಕುರಿ ದನಗಳ ಔಷಧಿಯದು, ಅವನಿಗೆ ಈ ಆಟ ಗೊತ್ತಿಲ್ಲವೇ, ಹೋದ ಸಲ ಬೇರೆ ಅಂಗಡಿಯಲ್ಲಿ ಲಸಿಕೆ ಕೊಂಡು ಬಂದವನಿಗೆ ಅವನೇ ಹಾಗೆ ಹೇಳಿ ಕಳಿಸಿದ್ದಾನೆ.

ಎಸ್ಟಿ ಬಸ್ಸೊಂದು ಬಂದು ನಿಂತಿತು, ಇಚಲಕರಂಜಿ ಎಂದು ಬೋರ್ಡು, ಅವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸಿದಳು, ಹಾಲ್ಯಾ, ಎಸ್ಟಿ ನೋಡಲ್ಲಿ, ಕಂಬಳಿ ತೊಗೊಂಡು ಹತ್ತೂಣು ನಡಿ, ಗಾಡಿ ಆಮ್ಯಾಲ ಒಯ್ಯಾಕ ಬರ್ತೈತಿ, ಹೂಂ ಅನ್ನಬೇಕಿತ್ತು, ಆಗಲೇ ಹೂಂ ಅಂದು ಅವಳ ಕೈ ಹಿಡಿದು ರಸ್ತೆ ದಾಟಿಸಬೇಕಿತ್ತು, ಆದರೆ ಎಸ್ಟಿಯಿಂದ ಇಳಿದು ಬೆವರು ಒರೆಸಿಕೊಳ್ಳುತ್ತ ಲಗ್ನದ ಕಾರ್ಯಾಲಯದ ಬಾಗಿಲಿಗೆ ಹೋಗುವುದು, ಅಲ್ಲಿ ದಾಜಿ ಫೇಟಾ ಸುತ್ತಿಕೊಂಡು ನಿಂತಿರುವುದು, ಏನಪಾ ಹಾಲಸಿದ್ದಾ, ಡಬ್ಬಿ ಎಲ್ಲಿ ಐತಿ ಎನ್ನುವುದು, ಅದು ಕಣ್ಣಿಗೆ ಕಟ್ಟಿತು, ತಡಿ ಬೇ, ಈಗ ಹತ್ತತೈತಿ, ಇದೊಂದ್ ಸಲ ನೋಡೂಣು, ಎಸ್ಟಿ ಹೋಯಿತು, ಅವ್ವ ಕೈ ಒಳಗೆ ತೆಗೆದುಕೊಂಡು ಕಂಬಳಿಯ ಮೇಲೆ ಇಟ್ಟಳು, ಆಮೇಲೆ ಮಂಗಲಕ್ಕನ ಫೋನು, ಎಲ್ಲಿ ಅದೀಯೋ, ಇನ್ನೂ ಶಿರೋಳ್ಯಾಗ ಅದೀ ಏನು, ಭಟ್ಟರು ಗಡ್ಯಾಳ ನೋಡಾಕತ್ತಾರ, ಗಂಡಿನ ಮಂದಿ ಕುಂತಲ್ಲೇ ಕುಸುಗುಸು ನಡಿಸ್ಯಾರ, ಬಂದೆ ಅಕ್ಕಾ, ಹೊಂಟೇನಿ, ಹೊಂಟೇ ಬಿಟ್ಟೇನಿ, ಮತ್ತೆ ಗನ್, ಮತ್ತೆ ಇತರೆ, ಮತ್ತೆ ಸ್ವಾಗತ ಹಾಲಸಿದ್ದ, ಹಸಿರು ಹಸಿರು ಹಸಿರು, ಈ ಸಲ ಅವನು ಕಣ್ಣು ಮುಚ್ಚಿ ದೇವರನ್ನು ನೆನೆದ, ಕಣ್ಣು ತೆರೆದರೆ ಕೆಂಪು. ಸಾಂಗಲಿಯವನು ಚಹಾ ಕುಡಿದು ಬಂದು ಗನ್ ಕಿತ್ತು ಗೂಟಕ್ಕೆ ಸಿಕ್ಕಿಸಿ ಹೊರಟೇ ಹೋದ, ಒಳ್ಳೆ ಕುರಿ ಮೇದು ಎದ್ದ ಹಾಗೆ, ಹಾಲಸಿದ್ದ ಓಡಿಹೋಗಿ ತನ್ನ ಗಾಡಿಯನ್ನು ಆ ಕಡೆಗೆ ತಿರುಗಿಸಿ ಆ ಗನ್ನೂ ಚುಚ್ಚಿ ನೋಡಿದ, ಅದೂ ಕೆಂಪು.

ಫೋನು ಮತ್ತೆ ಬಡಿಯಿತು, ಎತ್ತಿದರೆ ಮೊದಲು ಬರೀ ಗದ್ದಲ, ಬ್ಯಾಂಡು, ಪಟಾಕಿ, ನಡುವೆ ಅಕ್ಕನ ದನಿ, ಬಿದ್ದುವು ತಮ್ಮಾ, ಅಕ್ಕಿಕಾಳು ಬಿದ್ದುವು, ಇಲ್ಲೇ ಓಣ್ಯಾಗಿನ ಕೃಷ್ಣಾತ ಮಾಸ್ತರರ ಮನಿ ಹತ್ರ ಇತ್ತಲ್ಲ, ಅವರ ಕಂಬಳಿ ಇಸಕೊಂಡು ಬಂದು ಹಾಸಿದ್ರು, ಇವರ, ನಿನ್ನ ದಾಜೀನ, ಹಾಸಿದ್ರು, ಎಷ್ಟೊತ್ತು ನಿಂದರಸೋದು ಮಂದೀನ, ನಾ ಏನ್ ಮಾಡ್ಲೋ, ಅವ್ವಗ ನೀನ ಹೇಳು, ನನ್ನ ಕಡೆ ಆಗಾಂಗಿಲ್ಲ, ಅಕ್ಕ ಅಳುತ್ತಿದ್ದಳು, ಮಗಳ ಲಗ್ನದ ಅಳುವೋ ಇದರ ಅಳುವೋ, ಫೋನು ಕಡಿದುಹೋಯಿತು, ಇಸಕೊಂಡ ಕಂಬಳಿ, ಮತ್ತೂ ಇಸಕೊಂಡ ಕಂಬಳಿ, ಹಾಲಸಿದ್ದನಿಗೆ ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ, ಸಿಟ್ಟು ಬಂತು, ಆ ಕಂಬಕ್ಕೆ ಒಂದು ಒದೆ ಕೊಟ್ಟ, ಅವಧೂತ ಎದ್ದು ನಿಂತ, ಓ ಸಾಹೇಬ, ಹಾಂಗ್ ಒದೀಬ್ಯಾಡ್ರಿ, ಗಾಡಿ ಬಾಜೂಲಾ ಘ್ಯಾ, ಬಾಜೂಕ ತಗೀರಿ, ಹಿಂದ ಮಂದಿ ಬರ್ತಾರ, ತೆಗೆಯುತ್ತೇನೆ ಮಾರಾಯ, ಈ ಕಂಪನಿಯ ಮೇಲೆ ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ, ಫೋಟೋ ತೆಗೆದು ಎಲ್ಲ ಗ್ರೂಪಿಗೆ ಹಾಕುತ್ತೇನೆ, ಹೆಸರು ಕೆಡಿಸದೆ ಬಿಡುವುದಿಲ್ಲ, ಫೋಟೋ ತೆಗೆಯಲೆಂದೇ ಗನ್ ಕಿತ್ತು ಬಿಸಿಲಿಗೆ ಹಿಡಿದ — ಗನ್ನಿನ ಕೆಳಗಿನ ಎರಡು ದಪ್ಪ ಮೂತಿಗಳ ಮೇಲೆ ಏನೋ ಹಳದಿ.

ಬೆರಳಿಂದ ಒರೆಸಿದ, ಹತ್ತಿತು, ಮೂಸಿದ, ಯಾಕೆ ಮೂಸಬೇಕಿತ್ತು, ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿರುವ ವಾಸನೆ, ಭಂಡಾರ, ದೇವರ ಅರಿಶಿನದ ಪುಡಿ, ಗಾಡಿಯ ಬಾಯಿಗೆ ಬಗ್ಗಿ ಮೊಬೈಲಿನ ಬೆಳಕು ಬಿಟ್ಟ, ಮೇಲಿನ ಚಿಕ್ಕ ತೂತುಗಳು ಸ್ವಚ್ಛ, ದಿನಾ ಮನೆಯಲ್ಲಿ ಹತ್ತುವವು ಅವೇ, ಕೆಳಗಿನ ಎರಡು ದೊಡ್ಡ ತೂತುಗಳು, ಫಾಸ್ಟ್ ಚಾರ್ಜರಿಗೆ ಮಾತ್ರ ಬೇಕಾಗುವ, ಐದು ತಿಂಗಳಲ್ಲಿ ಚಾರ್ಜಿಗೆಂದು ಒಮ್ಮೆಯೂ ಮುಚ್ಚಳ ತೆಗೆಯುವ ಪ್ರಸಂಗ ಬಂದಿರದಿದ್ದ ಆ ಎರಡು ತೂತುಗಳು, ತೇವ ಹಿಡಿದು ಗಟ್ಟಿಯಾದ ಅರಿಶಿನದಿಂದ ತುಂಬಿಹೋಗಿದ್ದವು, ಬೆಳಿಗ್ಗೆಯಿಂದ ಮುಚ್ಚಳ ಎಳೆಯುತ್ತಿದ್ದಾನೆ, ಗನ್ ಒತ್ತುತ್ತಿದ್ದಾನೆ, ಕಣ್ಣೆಲ್ಲ ಆ ದೀಪದ ಮೇಲೆ, ಒಮ್ಮೆಯೂ ಬಗ್ಗಿ ನೋಡಿಲ್ಲ — ಗಾಡಿ ತಂದ ದಿನ, ಅಂಗಳದಲ್ಲಿ ಎಲ್ಲರೂ, ತೆಂಗಿನಕಾಯಿ ಒಡೆದು ಆಗಿತ್ತು, ನಿಂಬೆಹಣ್ಣು ಗಾಲಿಯ ಕೆಳಗಿಟ್ಟು ಆಗಿತ್ತು, ಅವ್ವ ಬಿಡಲಿಲ್ಲ, ಹಟ್ಟಿಗೆ ಹೊಸ ಕುರಿ ಬಂದರೆ ಮನೆಯ ಹಿರಿಯ ಹೆಂಗಸು ಅದರ ಬಾಯಿ ತೆಗೆಸಿ ಒಂದು ಚಿಟಿಕೆ ಭಂಡಾರ ತಿನ್ನಿಸುತ್ತಾಳೆ, ಆಗ ಅದು ಮಂದೆ ಬಿಟ್ಟು ಹೋಗುವುದಿಲ್ಲ, ದೃಷ್ಟಿ ತಾಗುವುದಿಲ್ಲ, ಇದು ಮೇವು ತಿನ್ನೂದು ಎಲ್ಲಿಂದೋ ಹಾಲ್ಯಾ, ಬಾಯಿ ತೋರಿಸು ಅದರದು, ಎಲ್ಲರೂ ನಕ್ಕರು, ಅವನೂ ನಕ್ಕ, ನಗುತ್ತ ತಾನೇ ಮುಚ್ಚಳ ತೆಗೆದು ತೋರಿಸಿದ, ಇಲ್ಲಿ ನೋಡ ಬೇ, ಇವ ಎರಡು ದೊಡ್ಡವು, ಅವ್ವ ಸೊಂಟದ ಭಂಡಾರದ ಚೀಲದೊಳಗೆ ಹೆಬ್ಬೆರಳು ಅದ್ದಿದಳು, ತಾಯಿ ಸತ್ತ ಮರಿಗೆ ಹಾಲು ಕುಡಿಯಲು ಕಲಿಸುವಾಗ ಬಾಯೊಳಗೆ ಬೆರಳಿಡುವಂತೆ ಮೆಲ್ಲಗೆ ಒಳಗೆ ಇಟ್ಟು ಒತ್ತಿದಳು, ತಿನ್ನು ನನ್ನಪ್ಪಾ, ನಮ್ಮ ಮನೀದ ಆಗು, ಒಂದು ಚಿಟಿಕೆ ಸಾಲದು ಎಂದು ಮತ್ತೆ ಅದ್ದಿದಳು, ಮತ್ತೆ ಒತ್ತಿದಳು, ಆ ಹಳದಿ ಹೆಬ್ಬೆರಳು.

ವಾಹನದ ಕಡೆಯ ದೋಷ, ಯಂತ್ರ ಬೆಳಿಗ್ಗೆಯಿಂದ ನಿಜವನ್ನೇ ಹೇಳುತ್ತಿತ್ತು, ಅವಧೂತನೂ ನಿಜ, ಹೆಲ್ಪ್‌ಲೈನಿನ ಹುಡುಗಿಯೂ ನಿಜ, ಈಗ ಯಾರನ್ನು ಬೈಯಬೇಕು, ಬೈಯಲು ಯಾರೂ ಉಳಿಯಲಿಲ್ಲವಲ್ಲ, ಅವ್ವನಿಗೆ ಹೇಳುವುದೇ, ನಿನ್ನ ಕಂಬಳಿ ಮುಟ್ಟಲಿಲ್ಲ ಬೇ, ನಿನ್ನ ಬೆರಳೇ ಅದನ್ನು ಇಲ್ಲಿ ನಿಲ್ಲಿಸಿತು ಎಂದೇ, ಎರಡು ವರ್ಷ ಕುರಿಗಳ ಬೆನ್ನು ಸವರಿದ ಬೆರಳು, ಮಂಜುಗಣ್ಣಿನಲ್ಲಿ ನೂಲು ತೆಗೆದ ಬೆರಳು, ಹೇಳಿದರೆ ಆ ಬೆರಳನ್ನು ಅವಳು ಮುಂದೆ ಯಾವುದಕ್ಕೆ ಮುಟ್ಟಿಸಿಯಾಳು, ಹೇಳುವುದಿಲ್ಲ, ಕಂಪನಿಯವರು ಕಳ್ಳರು ಎಂದೇ ಹೇಳುತ್ತೇನೆ, ಸಾಯುವವರೆಗೂ ಹಾಗೇ ಹೇಳುತ್ತೇನೆ, ಅಕ್ಷತೆಯ ಸುದ್ದಿ ದಾರಿಯಲ್ಲಿ ಹೇಳಿದರಾಯಿತು, ಎಸ್ಟಿಯಲ್ಲಿ ಕೂತ ಮೇಲೆ, ಮಂದಿಯ ನಡುವೆ ಅವಳು ಅಳುವುದಿಲ್ಲ — ಹಿಂದೆ ಕಾರಿನ ಬಾಗಿಲು ತೆರೆದ ಸದ್ದು, ಯಮುನವ್ವ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದಾಳೆ, ಹೊತ್ತು ನೆತ್ತಿಗೆ ಬಂತೋ ಹಾಲ್ಯಾ, ನಿನ್ನ ಕಡೆ ಆಗೂದಿಲ್ಲ, ಅತ್ತಾಗ ಸರಿ, ಮಂದಿ ಗೋದಲಿ ಆದ್ರೇನು, ಅದಕ್ಕೂ ಒಂದೀಟು ದೇವರದು ತೋರಸಬೇಕ, ಸೊಂಟದ ಚೀಲದ ದಾರ ಬಿಚ್ಚುತ್ತಿದ್ದಾಳೆ, ಅವಧೂತ ಏನೋ ಅನ್ನುತ್ತಿದ್ದಾನೆ, ಹಾಲಸಿದ್ದ ಗನ್ ಹಿಡಿದುಕೊಂಡೇ ನಿಂತಿದ್ದಾನೆ, ಬ್ಯಾಡ ಬೇ ಎಂದರೆ ಯಾಕ ಎನ್ನುತ್ತಾಳೆ, ಯಾಕ ಎಂದರೆ ಏನು ಹೇಳುವುದು, ಅವಳು ಹತ್ತಿರ ಬಂದಳು, ಅವನ ಕೈಯಲ್ಲಿನ ಗನ್ನಿನ ಎರಡು ಮೂತಿಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು, ತಿನ್ನು ನನ್ನಪ್ಪಾ ಎಂದಳು, ಮತ್ತು ಎದುರಿಗೆ, ಬಿಸಿಲಿನಲ್ಲಿ, ಅರಿಶಿನದಲ್ಲಿ ಅದ್ದಿದ ಅವಳ ಹೆಬ್ಬೆರಳು, ಹೆಬ್ಬೆರಳು —