ಕತ್ತರಿಯಕ್ಕನ ಟೇಪು

ಸೊಸೆ ಕೇಳದೆಯೇ ಚಹಾ ಮಾಡಿ ಕೈಗಿಟ್ಟಳೆಂದರೆ ಕತ್ತರಿಯಕ್ಕ ಮೊದಲು ಲೋಟದೊಳಗೆ ನೋಡುತ್ತಿದ್ದಳು, ಆಮೇಲೆ ಸೊಸೆಯ ಮುಖ ನೋಡುತ್ತಿದ್ದಳು, ಕೊನೆಗೆ ಕುಡಿಯುತ್ತಿದ್ದಳು. ವಿಷ ಬೆರೆಸಿದ್ದಾಳೆ ಅಂತಲ್ಲ, ಪಾಪ, ಅಷ್ಟು ದೂರ ಯೋಚಿಸುವವಳಲ್ಲ. ಆದರೆ ಕಾರಣವಿಲ್ಲದೆ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ ಎನ್ನುವುದು ಅವಳು ಬದುಕಿನಲ್ಲಿ ಕಲಿತ ಪಾಠ. ಮಗನ ಮದುವೆಯಾದ ಮೇಲಂತೂ ಆ ಪಾಠವನ್ನು ದಿನಾ ಒಪ್ಪಿಸುತ್ತಿದ್ದಳು.

ಅವಳದು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ನರ್ಸುಗಳ ಕೋಟಿರಲಿ, ಕಾವಲುಗಾರರ ಅಂಗಿಯಿರಲಿ, ಎಲ್ಲವೂ ಮೊದಲು ಅವಳ ಮೇಜಿನ ಮೇಲೆ ಬೀಳಬೇಕು. ಅವಳ ಕತ್ತರಿ ಆಡದಿದ್ದರೆ ಇಡೀ ಅಂಗಡಿಯ ಹೊಲಿಗೆ ಯಂತ್ರಗಳು ಬಾಯಿಮುಚ್ಚಿ ಕೂರಬೇಕು. ಸೊಸೆ ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಮಗ ಲಾರಿ ಓಡಿಸುವವನು, ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ರಸ್ತೆ. ಹೀಗಾಗಿ ಅತ್ತೆ ಸೊಸೆಯರು ಮನೆಯಲ್ಲೂ ಎದುರುಬದುರು, ಅಂಗಡಿಯಲ್ಲೂ ಎದುರುಬದುರು. ಒಬ್ಬರ ಮುಖ ಒಬ್ಬರಿಗೆ ಸಾಕೆನಿಸಲು ಬೇರೆ ಕಾರಣವೇ ಬೇಡ.

ಕತ್ತರಿಯಕ್ಕನ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿತ್ತು. ಅದನ್ನು ಅವಳು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹಿಂದೊಮ್ಮೆ ಅವಳ ಕೈಕೆಳಗೆ ಕೆಲಸ ಕಲಿತವಳೊಬ್ಬಳು ಎದುರು ಸಾಲಿನಲ್ಲೇ ಸ್ವಂತ ಅಂಗಡಿ ಹಾಕಿ, ಅರ್ಧ ಗಿರಾಕಿಗಳನ್ನು ಬಾಚಿಕೊಂಡು ಹೋಗಿದ್ದಳು. ಅವತ್ತೇ ಕತ್ತರಿಯಕ್ಕ ಟೇಪಿನ ತುದಿಯ ತಗಡನ್ನು ಬಿಚ್ಚಿ, ಮೊದಲ ಒಂದು ಇಂಚನ್ನು ಕತ್ತರಿಸಿ, ತಗಡನ್ನು ಮತ್ತೆ ಒತ್ತಿ ಕೂರಿಸಿದ್ದಳು. ಅವಳು ಮಾತ್ರ ಪ್ರತಿ ಅಳತೆಗೂ ಮನಸ್ಸಿನಲ್ಲೇ ಒಂದು ಇಂಚು ಸೇರಿಸಿ ಗೆರೆ ಎಳೆಯುತ್ತಿದ್ದಳು. ಬೇರೆ ಯಾರಾದರೂ ಆ ಟೇಪು ಹಿಡಿದರೆ ಗುರುತು ಹಾಕಿದ್ದೆಲ್ಲ ಗಿಡ್ಡ. ಅದರಲ್ಲೂ ಎದೆಯ ಸುತ್ತಳತೆಯನ್ನು ನಾಲ್ಕು ಭಾಗ ಮಾಡಿ ಕತ್ತರಿಸಬೇಕಲ್ಲ, ಭಾಗಕ್ಕೊಂದು ಇಂಚು ಹೋದರೆ ಒಟ್ಟು ನಾಲ್ಕು ಇಂಚು ಹೋದಂತೆ. ಅಂಥ ಅಂಗಿ ತೊಟ್ಟವನು ಉಸಿರೆಳೆದರೆ ಗುಂಡಿ ಎದುರಿನವನ ಕಣ್ಣಿಗೆ ಹಾರಬೇಕು. ಕದಿಯುವವರು ಕದಿಯಲಿ ನೋಡೋಣ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಇಷ್ಟರಲ್ಲಿ ಮಾಲೀಕರು ಮಹಡಿಯ ಮೇಲೆ ಹೊಸ ವಿಭಾಗ ತೆರೆಯುವುದಾಗಿ ಹೇಳಿದರು. ಅದಕ್ಕೊಬ್ಬ ಮೇಲ್ವಿಚಾರಕಿ ಬೇಕು. ನೀಲಿ ಕೋಟು ಕೊಡುತ್ತಾರೆ, ಒಂದು ಮೇಜು, ಒಂದು ಕುರ್ಚಿ. ಕುರ್ಚಿ ಎಂದ ಕೂಡಲೇ ಕತ್ತರಿಯಕ್ಕನ ಮೊಣಕಾಲುಗಳು ಕಿವಿಯಾದವು. ವಯಸ್ಸೆಲ್ಲ ನಿಂತೇ ಸವೆಸಿದವಳು. ಈಗೀಗ ಸಂಜೆಯಾಗುವಷ್ಟರಲ್ಲಿ ಕಾಲು ಬಾವು ಬಂದು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹುಗಿದುಹೋಗುತ್ತಿತ್ತು. ಆ ಕುರ್ಚಿ ಸಿಕ್ಕರೆ ಇನ್ನೂ ಹತ್ತು ವರ್ಷ ದುಡಿಯಬಹುದು. ಸಿಗದಿದ್ದರೆ ಇನ್ನೆರಡು ವರ್ಷದಲ್ಲಿ ಮನೆಯ ಮೂಲೆ, ಸೊಸೆಯ ಕೈ ಕಾಯುವ ಬಾಳು. ಅದು ಬೇಡಪ್ಪ, ಬೇಡವೇ ಬೇಡ.

ಆದರೆ ಒಂದು ಷರತ್ತಿತ್ತು. ಸಮುದಾಯ ಕಾಲೇಜಿನಲ್ಲಿ ಸಂಜೆ ಹೊತ್ತು ನಡೆಯುವ ವ್ಯವಹಾರ ಮತ್ತು ಉದ್ಯೋಗ ಕೌಶಲದ ಆರಂಭಿಕ ತರಗತಿ ಮುಗಿಸಿದವರಿಗೇ ಆ ಕೆಲಸ. ಕತ್ತರಿಯಕ್ಕ ಮರುದಿನವೇ ಹೋಗಿ ಹೆಸರು ಹಚ್ಚಿ ಹೊರಗೆ ಬಂದರೆ, ಬಾಗಿಲಲ್ಲಿ ಸೊಸೆ ನಿಂತಿದ್ದಳು.

"ನೀನ್ಯಾಕೆ ಬಂದೆ?"

"ನಾನೂ ಸೇರ್ಕೊಂಡೆ ಅತ್ತೆ. ಒಟ್ಟಿಗೆ ಹೋಗಿ ಬರಬಹುದಲ್ಲ, ನಿಮಗೂ ಜೊತೆ."

ಜೊತೆಯಂತೆ ಜೊತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಕತ್ತರಿಯಕ್ಕ ರಸ್ತೆಯ ಆಚೆ ಬದಿ ಹಿಡಿದು ಮನೆಗೆ ನಡೆದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನಿಜ. ಆದರೆ ಅತ್ತೆಯ ಕಾಲ ಮುಗಿಯುವ ತನಕವಾದರೂ ಸೊಸೆ ಕಾಯಬೇಡವೇ?

ತರಗತಿಯಲ್ಲಿ ಇಬ್ಬರೂ ಒಂದೇ ಬೆಂಚು. ಗಿರಾಕಿಯ ಜೊತೆ ಹೇಗೆ ಮಾತಾಡಬೇಕು, ಫೋನಿನಲ್ಲಿ ಮೊದಲು ಏನು ಹೇಳಬೇಕು, ಜಗಳವಾಡುವ ಇಬ್ಬರು ಕೆಲಸಗಾರರನ್ನು ಹೇಗೆ ಕೂರಿಸಿ ಕೇಳಬೇಕು, ಇವೆಲ್ಲ ಪಾಠ. ಹೇಳಿಕೊಡುವ ಮೇಡಂ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ. ಒಮ್ಮೆ ಆಕೆ, "ಕೆಲಸದ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಬಂಡವಾಳ ನಂಬಿಕೆ" ಎಂದಾಗ ಕತ್ತರಿಯಕ್ಕ ಕೈ ಎತ್ತಿ ಕೇಳಿದಳು, "ಹಂಗಾದ್ರೆ ಮೇಡಂ, ನಿಮ್ಮ ಟೇಬಲ್ ಡ್ರಾಯರಿಗೆ ಬೀಗ ಯಾಕೆ?" ಕೊಠಡಿಯೆಲ್ಲ ನಕ್ಕಿತು. ಮೇಡಂ ಕೂಡ ನಕ್ಕಳು. ಸೊಸೆ ಮಾತ್ರ ತಲೆ ತಗ್ಗಿಸಿ ಬರೆದುಕೊಳ್ಳುತ್ತಲೇ ಇದ್ದಳು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅಂಗಡಿಯಲ್ಲಿ ಸೊಸೆ ಮಾಲೀಕರ ಗಾಜಿನ ಕೋಣೆಯಲ್ಲಿ ನಿಂತು ಏನೋ ಗೋಗರೆಯುತ್ತಿದ್ದಳು, ಅತ್ತೆ ಹತ್ತಿರ ಬಂದದ್ದೇ ತಡ ಇಬ್ಬರ ಬಾಯಿಯೂ ಬಂದ್. ಊಟದ ಬಿಡುವಿನಲ್ಲಿ ಗುಂಡಿಯ ಡಬ್ಬಿ ಬಿಟ್ಟು ಬಂದು ಕತ್ತರಿಸುವ ಮೇಜಿನ ಪಕ್ಕ ನಿಂತು, "ಅತ್ತೆ, ತೋಳು ಕೂರೋ ಕುಳೀನ ಹೇಗೆ ದುಂಡಗೆ ಕತ್ತರಿಸ್ತೀರಿ?" ಎಂದು ಕೇಳುತ್ತಿದ್ದಳು. ಒಂದು ಭಾನುವಾರ ಕತ್ತರಿಯಕ್ಕ ಕಿರಾಣಿ ಅಂಗಡಿಯಿಂದ ಸಾಮಾನು ತಂದು ಒಳಗೆ ಬಂದರೆ, ಸೊಸೆ ಅತ್ತೆಯ ಬೀರು ತೆರೆದು ಅವಳ ಹಳೆಯ ಕೋಟನ್ನು ಹಾಸಿಗೆಯ ಮೇಲೆ ಹರಡಿಕೊಂಡಿದ್ದಳು. ಕೈಯಲ್ಲಿ ಮನೆಯ ಟೇಪು.

"ಏನು ಹುಡುಕ್ತಾ ಇದೀಯ?"

"ಏನಿಲ್ಲ ಅತ್ತೆ. ಮಡಿಸಿ ಇಡೋಣ ಅಂತ."

ಮಡಿಸುವುದಕ್ಕೆ ಟೇಪು ಯಾಕೆ ಬೇಕು? ಕತ್ತರಿಯಕ್ಕ ಕೇಳಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು. ತನ್ನ ಕೈಕೆಲಸ ಕದಿಯಲು ಹುಡುಗಿ ತನ್ನ ಬಟ್ಟೆಯ ಮೇಲೇ ಅಭ್ಯಾಸ ಮಾಡುತ್ತಿದ್ದಾಳೆ. ಮೊದಲು ಕತ್ತರಿ, ಆಮೇಲೆ ಕುರ್ಚಿ, ಆಮೇಲೆ ಮನೆ. ಅವತ್ತು ಅವಳಿಗೆ ಊಟ ರುಚಿಸಲಿಲ್ಲ.

ತರಗತಿ ಮುಗಿಯುತ್ತ ಬಂದಾಗ ಮೇಡಂ ಕೊನೆಯ ಪರೀಕ್ಷೆ ಏನೆಂದು ಹೇಳಿದಳು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಪಕ್ಕದವರಿಗೆ ಕಲಿಸಬೇಕು. ಪಕ್ಕದವರು ಅದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಕಲಿತವರ ಕೆಲಸ ನೋಡಿ ಕಲಿಸಿದವರಿಗೆ ಅಂಕ.

"ಬೇರೆಯವರ ಕೈಲಿ ಕೆಲಸ ಮಾಡಿಸೋಕೆ ಬರಬೇಕು, ಅದೇ ಮೇಲ್ವಿಚಾರಣೆ. ನಿಮ್ಮ ಮಾಲೀಕರೂ ನೋಡೋಕೆ ಬರ್ತಾರೆ" ಎಂದಳು.

ಕಲಿತವಳು ಕೆಡಿಸಿದರೆ ಕಲಿಸಿದವಳಿಗೆ ನಷ್ಟ, ಎಲ್ಲಿಯ ನ್ಯಾಯ ಇದು? ಕತ್ತರಿಯಕ್ಕನಿಗೆ ಇದರಲ್ಲೂ ಮಸಲತ್ತೇ ಕಂಡಿತು. ಅವಳ ವಿದ್ಯೆಯನ್ನೆಲ್ಲ ಕಕ್ಕಿಸಿ ಸೊಸೆಯ ಕೈಗಿಡಲು ಹೂಡಿದ ಆಟ. ಅಂಕ ಮೇಡಂ ಕೊಡಲಿ, ಕೆಲಸ ಕೊಡುವವರು ಮಾಲೀಕರು. ಅವರ ಕಣ್ಣೆದುರಿಗೇ ಹುಡುಗಿಯ ಕೈ ಎಷ್ಟರದು ಎಂದು ಗೊತ್ತಾಗಿಬಿಡಲಿ.

ಸೊಸೆಯ ಗುಂಡಿ ಪಾಠ ಒಂದೇ ಸಂಜೆಗೆ ಮುಗಿದ ಮೇಲೆ ಅವಳು ಕಲಿಸಿದಳು. ಯಾವ ಕುಂದೂ ಇಲ್ಲದ ಹಾಗೆ ಕಲಿಸಿದಳು. ಬಟ್ಟೆಯ ನೂಲು ಯಾವ ಕಡೆ ಓಡುತ್ತದೆ ಎಂದು ನೋಡಿ ಮಡಿಸುವುದು, ಸೀಮೆಸುಣ್ಣ ಹಿಡಿಯುವುದು, ಕತ್ತರಿಯ ಬಾಯಿ ಪೂರ್ತಿ ಮುಚ್ಚದೆ ಮುಂದಕ್ಕೆ ಸಾಗಿಸುವುದು, ಎಲ್ಲ. ಸೊಸೆಯ ಕೈ ಚುರುಕಾಗಿತ್ತು, ಅದೂ ಅವಳ ಹೊಟ್ಟೆ ಉರಿಸಿತು.

"ಯಾರಿಗೆ ಹೊಲಿಯೋದು?" ಎಂದು ಕತ್ತರಿಯಕ್ಕ ಕೇಳಿದಳು.

"ಒಬ್ಬರ ಅಳತೆ ಇದೆ ಅತ್ತೆ. ನೀಲಿ ಬಟ್ಟೆ ಮಾಲೀಕರೇ ಕೊಟ್ಟಿದಾರೆ. ಆಳು ಸ್ವಲ್ಪ ದಪ್ಪ."

"ಅವರ ಹೆಂಡತಿಗೇ ಇರಬೇಕು. ಹಾಗಾದ್ರೆ ಇನ್ನೊಂದು ಥಾನು ಬಟ್ಟೆ ತರಿಸ್ಕೋ."

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಯಾಕೆ ನಕ್ಕಳೋ, ಕತ್ತರಿಯಕ್ಕನಿಗೆ ಅದರ ಮೇಲೂ ಅನುಮಾನ.

ಬಟ್ಟೆ ಕತ್ತರಿಸುವ ದಿನ ಕಾಲೇಜಿನ ಉದ್ದ ಮೇಜಿನ ಮುಂದೆ ಸೊಸೆ ನಿಂತಾಗ, ಕತ್ತರಿಯಕ್ಕ ತನ್ನ ಕೊರಳಿನ ಹಳದಿ ಟೇಪು ತೆಗೆದು ಎಲ್ಲರಿಗೂ ಕಾಣುವ ಹಾಗೆ ಸೊಸೆಯ ಕೊರಳಿಗೆ ಹಾಕಿದಳು. ಅತ್ತೆಯ ದೊಡ್ಡ ಮನಸ್ಸಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಸೊಸೆಯ ಕಣ್ಣು ತುಂಬಿ ಬಂತು. ಅವಳು ಟೇಪಿನ ತುದಿಯನ್ನು ಬಟ್ಟೆಯ ಅಂಚಿಗಿಟ್ಟು ಒಂದು ಗಳಿಗೆ ತಡೆದಳು. ಹೆಬ್ಬೆರಳಿನಿಂದ ತಗಡನ್ನು ಸವರಿದಳು, ಅತ್ತೆಯ ಕಡೆ ನೋಡಿದಳು. ಕತ್ತರಿಯಕ್ಕ, "ಮುಂದುವರಿಸು" ಎಂಬಂತೆ ತಲೆಯಾಡಿಸಿದಳು. ಸೊಸೆ ಗೆರೆ ಎಳೆದಳು, ಕತ್ತರಿಸಿದಳು.

ಹೊಲಿಗೆಯೆಲ್ಲ ಅಂಗಡಿಯಲ್ಲಿ ನಡೆಯಿತು. ಮುಂದಿನ ತರಗತಿಗೆ ಇಸ್ತ್ರಿ ಮಾಡಿದ ನೀಲಿ ಕೋಟು ಬಂತು, ಮಾಲೀಕರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕತ್ತರಿಯಕ್ಕ ಬಾಗಿಲ ಕಡೆಗೇ ನೋಡುತ್ತಿದ್ದಳು, ಮಾಲೀಕರ ಹೆಂಡತಿ ಈಗ ಬರುತ್ತಾಳೆ, ಆಗ ಬರುತ್ತಾಳೆ ಎಂದು. ಯಾರೂ ಬರಲಿಲ್ಲ. ಸೊಸೆ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತಳು.

"ಹಾಕ್ಕೊಳ್ಳಿ ಅತ್ತೆ. ನಿಮಗೇ ಹೊಲಿದದ್ದು."

ಕತ್ತರಿಯಕ್ಕನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ಮಾಲೀಕರು.

"ಅಕ್ಕ, ನಿಮ್ಮನ್ನ ಮೇಲೆ ಕೂರಿಸಿದ್ರೆ ಕೆಳಗೆ ಕತ್ತರಿಸೋರು ಯಾರು ಅಂತ ನಾನು ಹಿಂದೆಮುಂದೆ ನೋಡ್ತಾ ಇದ್ದೆ. ನಿಮ್ಮ ಸೊಸೆ ಬಿಡಲಿಲ್ಲ. ನಾನು ಕಲೀತೀನಿ, ಅತ್ತೆ ಕಾಲು ನೋವು ನೋಡೋಕಾಗಲ್ಲ, ಅವರಿಗೆ ಕುರ್ಚಿ ಕೊಡಿ ಅಂತ ದಿನಾ ನನ್ನ ತಲೆ ತಿಂದಳು. ಸರಿ, ಕಲಿತು ತೋರಿಸು, ಅತ್ತೆ ಕೋಟು ನೀನೇ ಕತ್ತರಿಸು ಅಂದೆ."

ಹಾಸಿಗೆಯ ಮೇಲೆ ಹರಡಿದ್ದ ಹಳೆಯ ಕೋಟು ಕತ್ತರಿಯಕ್ಕನ ಕಣ್ಣ ಮುಂದೆ ಬಂತು. ಕೈ ತಾನಾಗಿ ತೋಳಿನೊಳಗೆ ಹೋಯಿತು. ಹೆಗಲು ಬಿಗಿಯಿತು. ಎದೆಯ ಮೇಲೆ ಎರಡು ಅಂಚುಗಳು ಸೇರದೆ ದೂರದೂರವೇ ನಿಂತವು. ಸೊಸೆ ಎಳೆದು ನೋಡಿದಳು, ಮೇಡಂ ಎಳೆದು ನೋಡಿದಳು. ನಾಲ್ಕು ಇಂಚು. ಅಳೆಯದೆಯೇ ಕತ್ತರಿಯಕ್ಕನಿಗೆ ಗೊತ್ತಿತ್ತು. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ ಎನ್ನುವುದೂ ಗೊತ್ತಿತ್ತು.

ಮೇಡಂ ಮೆತ್ತಗೆ, "ನಿಯಮದ ಪ್ರಕಾರ ಅಂಕ ಕಲಿಸಿದವರಿಗೆ..." ಎನ್ನುತ್ತಿದ್ದ ಹಾಗೇ ಮಾಲೀಕರು ತಡೆದರು.

"ಅಕ್ಕನ ಕೆಲಸ ನನಗೆ ಗೊತ್ತಿಲ್ವಾ ಮೇಡಂ. ಇಂಥ ತಪ್ಪು ಅವರಿಂದ ಆಗಲ್ಲ. ಇವಳ ಕೈ ಗುಂಡಿಗೇ ಲಾಯಕ್ಕು. ಬಿಡಮ್ಮ, ನೀನು ನಿನ್ನ ಡಬ್ಬಿ ನೋಡ್ಕೋ. ಅಕ್ಕ, ಕುರ್ಚಿ ನಿಮಗೇ. ಕತ್ತರಿಗೆ ಬೇರೆ ಯಾರನ್ನಾದರೂ ಹುಡುಕ್ತೀನಿ."

"ಹೌದು, ನಂದೇ ತಪ್ಪು" ಎಂದಳು ಸೊಸೆ. "ಅತ್ತೆ ಸರಿಯಾಗೇ ಹೇಳ್ಕೊಟ್ಟಿದ್ರು."

ಹಾಗೆ ಹೇಳುವಾಗ ಅವಳ ಹೆಬ್ಬೆರಳು ಅವತ್ತಿನಿಂದ ಕೊರಳಲ್ಲೇ ಉಳಿದಿದ್ದ ಟೇಪಿನ ತುದಿಯ ತಗಡನ್ನು ಮುಚ್ಚಿಕೊಂಡಿತ್ತು. ಯಾರಿಗೂ ಕಾಣದ ಹಾಗೆ, ಗಟ್ಟಿಯಾಗಿ. ಕತ್ತರಿಯಕ್ಕ ಅದನ್ನು ನೋಡಿದಳು.

ಕುರ್ಚಿ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಹಾವೂ ಸಾಯದೆ ಕೋಲೂ ಮುರಿಯದೆ ಎಲ್ಲ ಮುಗಿಯುತ್ತಿತ್ತು. ಅವಳ ಮೊಣಕಾಲುಗಳು ಸುಮ್ಮನಿರು, ಸುಮ್ಮನಿರು ಎನ್ನುತ್ತಿದ್ದವು. ಆದರೆ ಅವಳಿಗೆ ನಾಚಿಕೆಯಾಗಿತ್ತು, ಮೈಯೆಲ್ಲ ಸುಡುವಂಥ ನಾಚಿಕೆ. ತಾನು ಕಳ್ಳ ಪರರ ನಂಬ ಎಂಬ ಮಾತನ್ನು ಅವಳು ಎಷ್ಟು ಜನರಿಗೆ ಅಂದು ತೋರಿಸಿದ್ದಳೋ.

ಅವಳು ಸೊಸೆಯ ಹೆಬ್ಬೆರಳನ್ನು ಬಿಡಿಸಿ ಟೇಪನ್ನು ಮಾಲೀಕರ ಮುಂದಿಟ್ಟಳು.

"ಇದನ್ನ ನೋಡಿ. ಎಷ್ಟರಿಂದ ಶುರುವಾಗುತ್ತೆ?"

ಮಾಲೀಕರು ಕನ್ನಡಕ ಏರಿಸಿದರು. "ಎರಡು. ಒಂದೇ ಇಲ್ವಲ್ಲ ಇದರಲ್ಲಿ."

"ನಾನೇ ಕತ್ತರಿಸಿದ್ದು. ಗೊತ್ತಿದ್ದೇ ಇವಳ ಕೈಗೆ ಕೊಟ್ಟೆ. ಇವಳು ನಿಮ್ಮ ಮುಂದೆ ಸೋಲಲಿ ಅಂತ."

ಮಾಲೀಕರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ, "ಮೇಲೆ ಅಷ್ಟೊಂದು ಹುಡುಗಿಯರನ್ನ ನಿಮ್ಮ ಕೈಗೆ ಹೇಗೆ ಕೊಡಲಿ ಅಕ್ಕ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ನಿಮ್ಮ ಮೇಜಿಗೇ ಬನ್ನಿ. ತರಗತಿ ಮುಗಿಸಿದೋಳು ನಮ್ಮ ಅಂಗಡಿಯಿಂದ ಇನ್ನೊಬ್ಬಳೇ ಇರೋದು."

"ನನಗೆ ಬೇಡ" ಎಂದಳು ಸೊಸೆ.

"ಬೇಕೋ ಬೇಡವೋ ನಿನ್ನ ಕೇಳ್ದೋರು ಯಾರು, ಸುಮ್ಮನಿರು" ಎಂದಳು ಕತ್ತರಿಯಕ್ಕ. ಎಂದಿನ ಅದೇ ಗಡಸು ದನಿ. "ತಗಡು ಮುಟ್ಟಿ ನೋಡಿದೆಯಲ್ಲ ಅವತ್ತು. ಗೊತ್ತಾಯ್ತು ತಾನೆ ಒಂದಿಲ್ಲ ಅಂತ. ಯಾಕೆ ಕೇಳಲಿಲ್ಲ?"

"ನಿಮ್ಮ ಟೇಪು ಅಲ್ವಾ ಅತ್ತೆ. ಅದಕ್ಕೂ ಏನೋ ಲೆಕ್ಕ ಇರುತ್ತೆ ಅಂದ್ಕೊಂಡೆ. ನೀವು ತಲೆಯಾಡಿಸಿದ್ರಲ್ಲ."

ಕತ್ತರಿಯಕ್ಕ ಬಿಗಿಯಾದ ತೋಳುಗಳಿಂದ ಕೈಗಳನ್ನು ಕಷ್ಟಪಟ್ಟು ಬಿಡಿಸಿಕೊಂಡು ಕೋಟನ್ನು ಕಳಚಿದಳು. ಒಮ್ಮೆ ಕೊಡವಿದಳು. ಸೊಸೆಯನ್ನು ಹಿಡಿದು ತಿರುಗಿಸಿ ಒಂದು ತೋಳು, ಇನ್ನೊಂದು ತೋಳು ತೊಡಿಸಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಹೆಗಲು ಹೆಗಲಿಗೆ ಕೂತಿತು, ತೋಳು ಮಣಿಕಟ್ಟಿಗೆ ನಿಂತಿತು. ಇಷ್ಟು ವರ್ಷದಲ್ಲಿ ಅವಳ ಮೇಜಿನಿಂದ ಹೋದ ಯಾವ ಕೋಟೂ ಯಾರಿಗೂ ಇಷ್ಟು ಸರಿಯಾಗಿ ಕೂತಿರಲಿಲ್ಲ.

"ಅತ್ತೆ, ಇದು ನಿಮಗೆ ಅಂತ ಹೊಲಿದದ್ದು" ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

"ಗೊತ್ತು" ಎಂದಳು ಕತ್ತರಿಯಕ್ಕ, ಕೊರಳಿನ ಕೊನೆಯ ಗುಂಡಿಯನ್ನು ಹಾಕುತ್ತ. "ಅಳತೆ ಕೊಟ್ಟೋಳು ನಾನು."