ಮುಚ್ಚಿದ ಕೊಳವೆಗಳು

"ನೋಡಿ ಅಮ್ಮಾ, ಎಲ್ಲಾ ನನ್ನ ಕೈಯ ಬೆಸುಗೆ. ಇಷ್ಟು ವರ್ಷ ಆದ್ಮೇಲೂ ಒಂದು ಹನಿ ಸೋರಿಲ್ಲ."

ಮೇಸ್ತ್ರಿ ಎಂಜಿನ್ನಿನ ನೀರು ತಣಿಸುವ ಹಳೆಯ ರೇಡಿಯೇಟರನ್ನು ಬೆಂಚಿನ ಮೇಲೆ ಟೀಚರಮ್ಮನ ಕಡೆಗೆ ತಿರುಗಿಸಿದ. ಗುಜರಿಗೆ ಹಾಕುವ ಮೊದಲು ತನ್ನ ಕೆಲಸ ಹೇಗಿದೆಯೋ ನೋಡುವ ಚಪಲಕ್ಕೆ ಅದರ ಮೇಲಿನ ಹಿತ್ತಾಳೆ ತೊಟ್ಟಿಯನ್ನು ಬಿಚ್ಚಿದ್ದ. ಒಳಗೆ ಸಾಲುಸಾಲು ಚಪ್ಪಟೆ ಕೊಳವೆಗಳ ಬಾಯಿ. ಅರ್ಧಕ್ಕಿಂತ ಹೆಚ್ಚು ಬಾಯಿಗಳಿಗೆ ಬೆಸುಗೆ ಬಿದ್ದಿತ್ತು. ಆಚೆ ಎರಡು ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಹೊಸ ಅಲ್ಯೂಮಿನಿಯಂ ರೇಡಿಯೇಟರು, ಕರೆಂಟಿನ ಫ್ಯಾನು ಹಾಕಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಮುಂದಿನ ವಾರ ಹಳೆ ಕಾರುಗಳ ರ್‍ಯಾಲಿ. ಓಡಿಸುವವನು ಟೀಚರಮ್ಮನ ಗಂಡ. ಬಾಗಿಲಾಚೆ ನಿಂತು ಫೋನಿನಲ್ಲಿ ಯಾರ ಹತ್ತಿರವೋ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

"ಇವನ್ನೆಲ್ಲಾ ಯಾಕೆ ಮುಚ್ಚಿದೀರಿ?"

"ಸೋರೋ ಕೊಳವೆ ಮುಚ್ಚಿಬಿಡೋದು ಅಮ್ಮಾ. ಮೊದಲೆರಡು ವರ್ಷದಲ್ಲೇ ಇಷ್ಟೂ ಹೋದ್ವು. ನೀರು ಉಳಿದದ್ದರಲ್ಲಿ ಓಡುತ್ತೆ. ಊರೊಳಗೆ ಏನೂ ತೊಂದ್ರೆ ಇಲ್ಲ. ಗುಡ್ಡ ಹತ್ತಿಸಿದ್ರೆ ಮಾತ್ರ ಕುದಿಯುತ್ತೆ, ಯಾರು ಓಡಿಸಿದ್ರೂ ಅಷ್ಟೇ."

"ಯಾರು ಓಡಿಸಿದ್ರೂ?"

"ಸಾಹೇಬ್ರು ಹೇಳಿರ್ಬೇಕಲ್ಲ. ಹೊಸದು ಹಾಕ್ಸಿ ಅಂತ ನಾನು, ನೀವಿನ್ನೂ ಶಾಲೆಗೆ ಓಡಿಸ್ತಿದ್ದಾಗ್ಲೇ ಅಂದಿದ್ದೆ. ಇರ್ಲಿ ಬಿಡಪ್ಪಾ, ಇನ್ಮೇಲೆ ನಮ್ಮನೇಲಿ ಯಾರೂ ಗುಡ್ಡಕ್ಕೆ ಒಯ್ಯಲ್ಲ ಅಂದ್ರು."

ಟೀಚರಮ್ಮ ಮುಚ್ಚಿದ ಬಾಯಿಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಕಾರು ಅವಳದು. ಗುಡ್ಡದ ಮೇಲಿನ ಶಾಲೆಯಲ್ಲಿ ಕೆಲಸ ಸಿಕ್ಕಾಗ ಅಪ್ಪ ಕೊಟ್ಟದ್ದು. ಮೊದಲೆರಡು ವರ್ಷ ಹಕ್ಕಿಯ ಹಾಗೆ ಹಾರಿಸಿಕೊಂಡು ಹೋದಳು. ಆಮೇಲೆ ಏರಿನಲ್ಲಿ ದಿನಾ ಹಬೆ. ಗಂಡ ಭಾನುವಾರ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು, "ನಂಗ್ಯಾಕೆ ಕುದಿಯಲ್ಲ? ನಿನ್ನ ಕಾಲಿಗೆ ಹದ ಗೊತ್ತಿಲ್ಲ" ಎನ್ನುತ್ತಿದ್ದ. ನಾದಿನಿಯರು ನಕ್ಕರು. ಇವಳೂ ನಕ್ಕಳು, ನಂಬಿದಳು, ಕೊನೆಗೊಂದು ದಿನ ಕೀಲಿಕೈಯನ್ನು ತಾನೇ ತಂದುಕೊಟ್ಟಳು. ಹೋದ ತಿಂಗಳು ನಿವೃತ್ತಿಯಾಗುವವರೆಗೂ ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಓಡಾಡಿದಳು. ಗಣಿತದ ಟೀಚರು ಬೇರೆ. ಒಂದು ಸಲವೂ ಲೆಕ್ಕ ಸರಿಯಾಗಿ ನೋಡಲಿಲ್ಲ.

ಗಂಡ ಫೋನು ಜೇಬಿಗಿಟ್ಟು ಒಳಗೆ ಬಂದ.

"ಇದು ನಿಮಗೆ ಗೊತ್ತಿತ್ತಾ?"

ಅವನು ಕೊಳವೆಗಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. "ಹಳೇದೆಲ್ಲಾ ಈಗ್ಯಾಕೆ? ಆ ತಿರುವುಗಳಲ್ಲಿ ನೀನು ಹೋಗೋ ರಭಸ ನೋಡಿದ್ರೆ ಜೀವ ಬಾಯಿಗೆ ಬರ್ತಿತ್ತು ಕಣೇ. ಬೇಡ ಅಂದ್ರೆ ನೀನು ಕೇಳ್ತಿದ್ಯಾ?"

"ಬೇಡ ಅಂತ ಒಂದು ಸಲನಾದ್ರೂ ಅಂದಿದ್ರಾ?"

ತಾನು ಏನು ಮಾಡಿಬಿಟ್ಟೆ ಎಂದು ಮೇಸ್ತ್ರಿಗೆ ಆಗ ಹೊಳೆಯಿತು. ಸುಮ್ಮನೆ ಸ್ಪ್ಯಾನರು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿ, "ಗುಡ್ಡದ ಮೇಲೆ ಒಂದು ಟ್ರಯಲ್ ನೋಡ್ಬೇಕು" ಎಂದು ಯಾರಿಗೂ ಹೇಳದವನ ಹಾಗೆ ಹೇಳಿದ.

ಟೀಚರಮ್ಮ ಹೋಗಿ ಸ್ಟಿಯರಿಂಗ್ ಹಿಂದೆ ಕೂತಳು. ಗಂಡ ಆ ಕಡೆಯ ಬಾಗಿಲಿಗೆ ಕೈ ಹಾಕಿದ.

"ಮೇಸ್ತ್ರಿ ಬರ್ಲಿ," ಎಂದಳು.

ಮೊದಲ ಏರಿನಲ್ಲಿ ನಿಧಾನಕ್ಕೆ ಓಡಿಸಿದಳು. ಕಣ್ಣು ರಸ್ತೆಗಿಂತ ಹೆಚ್ಚು ಬಿಸಿ ತೋರಿಸುವ ಮುಳ್ಳಿನ ಮೇಲೇ ಇತ್ತು. ಮುಳ್ಳು ನಡುವಿಗೆ ಬಂದು ನಿಂತಿತು. "ಒತ್ತಿ ಅಮ್ಮಾ, ಏನೂ ಆಗಲ್ಲ," ಎಂದ ಮೇಸ್ತ್ರಿ. ಒತ್ತಿದಳು. ತಿರುವುಗಳು ಒಂದೊಂದಾಗಿ ಹಿಂದೆ ಹೋದವು. ಮುಳ್ಳು ಅಲ್ಲಾಡಲಿಲ್ಲ.

ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ ಗಡಿಯಾರ ನೋಡಿಕೊಂಡಳು. ಊರೂರು ಸುತ್ತಿ ಬರುವ ಬಸ್ಸಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ದಾರಿ.

"ಒಂಬತ್ತು ನಿಮಿಷ," ಎಂದಳು. "ಇಷ್ಟೇನಾ?"

"ಇಷ್ಟೇ ಅಮ್ಮಾ."

ಒಳಗೆ ಯಾವುದೋ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅವಳು ಎಂಜಿನ್ ಆರಿಸಿದಳು. ಸ್ಟಿಯರಿಂಗ್ ಮೇಲಿನ ಕೈಗಳನ್ನು ಮಾತ್ರ ತೆಗೆಯಲಿಲ್ಲ.