ಬಿಸಿ ಹಿಡಿಯುವ ಮಷೀನು

ಶೆಟ್ಟೆವ್ವನಿಗೆ ಆ ಮಷೀನಿನ ಮೇಲೆ ಮೊದಲ ದಿನದಿಂದಲೇ ಗುಮಾನಿ. ಕೊಣ್ಣೂರಿನ ಅವಳ ಕಬ್ಬಿನ ಹೊಲದ ಬದುವಿನಲ್ಲಿ ಮೂರು ಕಾಲಿನ ಮೇಲೆ ಕೂತ ಉಕ್ಕಿನ ಡಬ್ಬಿ ಅದು. ಬೆಳೆಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖ ಹಿಡಿಯುತ್ತದಂತೆ. ತಂದಿಟ್ಟವಳು ಹುಕ್ಕೇರಿಯ ದ್ರಾಕ್ಷಾಯಿಣಿ, ಸಂಶೋಧನೆ ಮಾಡುವ ಹುಡುಗಿ. ಅದಕ್ಕೆ ದಿನವೂ ಹೊಗೆಯಾಡುವ ದ್ರವ ನೈಟ್ರೋಜನ್ ಕುಡಿಸುತ್ತಿದ್ದಳು. ಅಂಥದೇ ದ್ರವ ಶೆಟ್ಟೆವ್ವನ ತಮ್ಮ ಶಿವಪುತ್ರನ ಕ್ಯಾನಿನಲ್ಲೂ ಇರುತ್ತಿತ್ತು. ಅವನು ಊರೂರು ತಿರುಗಿ ದನಗಳಿಗೆ ಗರ್ಭ ಕಟ್ಟಿಸುವವನು. ಹೋರಿ, ಕೋಣಗಳ ಬೀಜ ತುಂಬಿದ ಕಡ್ಡಿಗಳು ಆ ಥಂಡಿಯಲ್ಲಿದ್ದರೆ ಮಾತ್ರ ಬದುಕುತ್ತವೆ.

ಮಷೀನು ಬಂದ ಮೇಲೆ ಶೆಟ್ಟೆವ್ವನ ಎಮ್ಮೆಗೆ ತಮ್ಮನ ಕೈಲಿ ಎರಡು ಸಲ ಬೀಜ ಹಾಕಿಸಿದರೂ ಗರ್ಭ ನಿಂತಿರಲಿಲ್ಲ.

“ಬಂಜಿ ಎಮ್ಮಿಗೆ ಮೇವ ಯಾಕ? ಈ ಸಲಾನೂ ನಿಲ್ಲಲಿಲ್ಲಂದ್ರ ಮೂಡಲಗಿ ಸಂತಿಗೆ ಹೊಡಿಯೂದ,” ಎಂದುಬಿಟ್ಟಿದ್ದ ಗಂಡ ಬೀರಸಿದ್ದಪ್ಪ. ಕರುವಿದ್ದಾಗಿನಿಂದ ಕೈಯಾರೆ ಸಾಕಿದ ಎಮ್ಮೆ. ಶೆಟ್ಟೆವ್ವನಿಗೆ ಊಟ ಸೇರುತ್ತಿರಲಿಲ್ಲ.

ಇವತ್ತು ಎಮ್ಮೆ ಮತ್ತೆ ಬೆದೆಗೆ ಬಂದಿತ್ತು. ತಮ್ಮನನ್ನು ಕರೆಸಿದರೆ, ಅವನು ಕ್ಯಾನ್ ಹೊತ್ತು ಸೀದಾ ಮಷೀನಿನ ಕಡೆ ಹೊರಟ. ಶೆಟ್ಟೆವ್ವನಿಗೆ ಥಟ್ಟನೆ ಹೊಳೆಯಿತು: ಈ ಹುಡುಗಿ ನಮ್ಮ ಹುಡುಗನನ್ನು ಪುಸಲಾಯಿಸಿ ನೈಟ್ರೋಜನ್ ಇಸಿದುಕೊಳ್ಳುತ್ತಿದ್ದಾಳೆ! ಸೆರಗು ಸಿಕ್ಕಿಸಿ ಓಡಿದಳು.

“ಏನವಾ, ನಿನ್ನ ಡಬ್ಬಿ ಸಲುವಾಗಿ ನಮ್ಮ ಕ್ಯಾನ್ ಖಾಲಿ ಮಾಡಾಕತ್ತಿಯೇನ? ಬೀಜ ಸತ್ರ ನನ್ನ ಎಮ್ಮಿ ಗತಿ ಏನ?”

ದ್ರಾಕ್ಷಾಯಿಣಿ ಕಕ್ಕಾಬಿಕ್ಕಿಯಾದಳು. “ನಾ ಇಸ್ಕೊಂಡಿಲ್ರಿ ಕಾಕೂ. ಇವರಿಗೆ ನಾನ ಕೊಡತೇನ್ರಿ. ಇವರದು ಯಾವಾಗಲೂ ಮುಗದಿರತೈತಿ.”

“ಸುಳ್ಳ ಅಕ್ಕಾ! ಕ್ಯಾನ್ ತುಂಬೈತಿ. ಬಿಸಲಾಗ ಹೊಗಿ ಕಾಣಂಗಿಲ್ಲ ಅಷ್ಟ,” ಎಂದ ಶಿವಪುತ್ರ, ಕ್ಯಾನಿನ ಬಾಯಿಗೆ ಕೈ ಅಡ್ಡ ಹಿಡಿದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು.

ಒಡಹುಟ್ಟಿದವನನ್ನು ನಂಬುವುದೋ, ಪರವೂರಿನವಳನ್ನೋ? “ಮಷೀನ ಹೇಳಲಿ,” ಎಂದಳು ಶೆಟ್ಟೆವ್ವ. ಅದನ್ನಾದರೂ ನಂಬಿದಳೇ? ಮೊದಲು ತನ್ನ ಅಂಗೈಯನ್ನೇ ಅದರ ಮುಂದೆ ಒಡ್ಡಿದಳು. ಲ್ಯಾಪ್‌ಟಾಪಿನ ಗೆರೆ ಮೇಲಕ್ಕೆ ಜಿಗಿಯಿತು.

“ಒಳಗ ಅತಿವಾಹಕದ ತೆಳು ಪದರ ಐತ್ರಿ,” ಎಂದಳು ಹುಡುಗಿ. “ಥಂಡಿಯೊಳಗ ಕರೆಂಟಿಗೆ ಎಳ್ಳಷ್ಟೂ ಅಡ್ಡಿ ಮಾಡಂಗಿಲ್ಲ. ಚೂರ ಬಿಸಿ ತಾಗಿತಂದ್ರ ಅಡ್ಡಿ ಮಾಡತೈತಿ, ಗೆರಿ ಮ್ಯಾಲ ಏರತೈತಿ.”

ಮಷೀನಿನ ಮೂತಿಯನ್ನು ತನ್ನ ನೈಟ್ರೋಜನ್ ಕ್ಯಾನಿನ ಬಾಯಿಗೆ ಬಗ್ಗಿಸಿದಳು. ಗೆರೆ ಪಾತಾಳಕ್ಕಿಳಿಯಿತು. ಶಿವಪುತ್ರನ ಕ್ಯಾನಿಗೆ ತಿರುಗಿಸಿದಳು. ಗೆರೆ ಮೇಲೆದ್ದು, ಅಂಗೈ ತೋರಿಸಿದ್ದ ಎತ್ತರದಲ್ಲೇ ನಿಂತಿತು. ಕ್ಯಾನ್ ಒಣಗಿತ್ತು, ಬೀಜ ಎಂದೋ ಸತ್ತಿತ್ತು.

“ಹಿಂದಿನ ಎರಡ ಸಲಾನೂ ಹಿಂಗ ಇತ್ತೇನೋ?”

ತಮ್ಮ ಮೆಲ್ಲಗೆ ಹೂಂಗುಟ್ಟಿದ. ಶೆಟ್ಟೆವ್ವನಿಗೆ ಸಿಟ್ಟಿಗಿಂತ ಮೊದಲು ಅಳು ಬಂತು. ಹುಡುಗಿಯನ್ನು ಶಪಿಸಿದ್ದಳು, ಎಮ್ಮೆಯ ಮೇಲೂ ಸಂಶಯಪಟ್ಟಿದ್ದಳು, ಇವನೊಬ್ಬನನ್ನು ಬಿಟ್ಟು.

“ಇವರು ತುಂಬಿಸಿ ಕೊಟ್ರ ಮತ್ತ ಥಣ್ಣಗಾಗತೈತಿ. ಹಾಕಿಬಿಡತೇನಿ ಅಕ್ಕಾ. ಬೀರಸಿದ್ದ ಮಾಮಾಗ ಗೊತ್ತಾಗೂದ ಬ್ಯಾಡ.”

ಸತ್ತ ಬೀಜಕ್ಕೆ ಥಂಡಿಯಿಂದ ಜೀವ ಬಂದೀತೇ! ಶೆಟ್ಟೆವ್ವ ಮನೆಗೆ ಹೋಗಿ ಎಮ್ಮೆಯ ಹಗ್ಗ ಬಿಚ್ಚಿದಳು. ಊರೊಳಗೆ ಉದ್ದಪ್ಪನ ಮನೆಯಲ್ಲಿ ಕೋಣವಿತ್ತು. ಆ ದಾರಿ ಹಿಡಿದಳು. ಹಿಂದೆಯೇ ಬಂದ ಶಿವಪುತ್ರ ಅಡ್ಡ ನಿಂತ.

“ತಮ್ಮನ್ನ ಬಿಟ್ಟ ಕೋಣದ ಕಡೆ ಹೊಂಟ್ರ ಮಂದಿ ಏನಂತಾರ ಅಕ್ಕಾ?”

“ಸರಿ ಅತ್ಲಾಗ,” ಎಂದಳು ಶೆಟ್ಟೆವ್ವ. “ಎಮ್ಮಿ ಬಂಜಿ ಅಲ್ಲಂತಾರ.”